ಮೆತ್ತನೆ ಬಾಯಿಯ ಹೂವಿ

ಬಹಳ ಬಹಳ ಹಿಂದೆ ಕರಿಬಯಲು ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟವಿಲ್ಲ, ಕಾಡಿಲ್ಲ, ಮರೆಗೆ ನಿಲ್ಲಲು ಒಂದು ಬೇವಿನ ಮರವೂ ಇಲ್ಲ. ಅರಮನೆಯಲ್ಲಿ ರಾಜ ಸೀನಿದರೆ ಗಡಿಯಲ್ಲಿದ್ದವರು ‘ನೂರು ವರ್ಷ’ ಎನ್ನುತ್ತಿದ್ದರು. ಇಂಥ ಬಯಲಲ್ಲಿ ಗುಟ್ಟು ಬಾಳುವುದಿಲ್ಲ. ಮೊಲ ಬಾಳುತ್ತದೆ, ಮೊಲದ ಹಿಂದೆ ನಾಯಿ ಬಾಳುತ್ತದೆ.

ಆ ರಾಜ್ಯದ ಬೇಟೆನಾಯಿಗಳು ಸಣ್ಣ ನಡು, ಉದ್ದ ಕಾಲು, ಚೂಪು ಮೂತಿಯವು. ಮೂಸುವುದು ಅವಕ್ಕೆ ಅವಮಾನ. ಕಣ್ಣಿಗೆ ಕಂಡದ್ದನ್ನು ಮಾತ್ರ ಬೆನ್ನಟ್ಟುತ್ತಿದ್ದವು. ಹಿಡಿದ ಮೊಲವನ್ನು ಅಲ್ಲೇ ಕೊಲ್ಲಬೇಕೆಂಬುದು ರಾಜ್ಯದ ಪದ್ಧತಿ. ಹೂವಿ ಎಂಬ ಪಟ್ಟೆಪಟ್ಟೆ ಹೆಣ್ಣುನಾಯಿ ಮಾತ್ರ ಮೊಲವನ್ನು ಜೀವಂತ ಹಿಡಿದು ತಂದು ಸಾಕಿದವರ ಮಡಿಲಿಗೆ ಹಾಕುತ್ತಿತ್ತು. ತಂದುಕೊಡುವುದಕ್ಕೆ ಅರಮನೆಯಲ್ಲಿ ಆಳುಗಳಿದ್ದಾರೆ ಎಂದು ಹೇಳಿ ರಾಜ ಅದನ್ನು ಹೊರಗೆ ಹಾಕಿದ. ನಾಯಿಗಳನ್ನು ಸಾಕುತ್ತಿದ್ದ ಲಗಮಿ ಎಂಬ ಹುಡುಗಿ ಅದನ್ನು ತನ್ನ ಗುಡಿಸಲಿಗೆ ಕರೆದುಕೊಂಡು ಹೋದಳು. ಅವಳಿಗೆ ನಾಯಿಗಳನ್ನು ಬಿಟ್ಟರೆ ಬೇರೆ ಬಳಗವಿರಲಿಲ್ಲ.

ಯುವರಾಜ ಮದನಪಾಲನಿಗೆ ನಾಯಿಗಳ ಓಟವೆಂದರೆ ಪ್ರಾಣ. ದೂರದಲ್ಲಿ ನಾಯಿ ಓಡಿದರೆ ಉಣ್ಣುವ ಎಲೆ ಬಿಟ್ಟು ಎದ್ದು ನಿಲ್ಲುತ್ತಿದ್ದ. ಒಮ್ಮೆ ತನ್ನ ನಿಶ್ಚಿತಾರ್ಥದ ನಡುವೆಯೂ ಎದ್ದು ನಿಂತಿದ್ದ. ಆ ಸಂಬಂಧ ಮುಂದುವರಿಯಲಿಲ್ಲ.

ಒಂದು ಸಲ ಧೂಮಕ ಎಂಬ ಮಾಂತ್ರಿಕ ಮಂತ್ರದಿಂದ ಮಾಡಿದ ನಾಯಿಯನ್ನು ಓಟಕ್ಕೆ ತಂದ. ಬಂಗಾರದ ಮೈ, ನೀಲಿ ಕಣ್ಣು. ಓಟ ಮುಗಿದ ಮೇಲೆ ಯುವರಾಜ, ನೋಡಲು ನವಿಲು, ಓಡಲು ಎಮ್ಮೆ ಎಂದು ತೀರ್ಪು ಕೊಟ್ಟ. ತೀರ್ಪು ಸರಿಯಾಗಿಯೇ ಇತ್ತು. ಅದಕ್ಕೇ ಧೂಮಕನಿಗೆ ಸಿಟ್ಟು ಬಂತು. “ಹಾಗಾದರೆ ನೀನೇ ಓಡು” ಎಂದ. ಯುವರಾಜ ಮೊಲವಾಗಿ ಬಯಲಿನ ಮೊಲಗಳಲ್ಲಿ ಬೆರೆತುಹೋದ.

ಬಿಡುಗಡೆಯ ದಾರಿ ಇಲ್ಲದ ಶಾಪ ನಿಲ್ಲುವುದಿಲ್ಲ. ಆದ್ದರಿಂದ ಧೂಮಕ ಅದನ್ನೂ ಹೇಳಿದ. ಒಂದು ನಾಯಿ ಅವನನ್ನು ಹಿಡಿದು, ಮೈಮೇಲೆ ಗೀರಿಲ್ಲದಂತೆ ಮನುಷ್ಯರ ಕೈಗೆ ಕೊಡಬೇಕು. ಕೊಟ್ಟರೆ ಶಾಪ ತನಗೇ ತಿರುಗಲಿ. ಗೀರು ಬಿದ್ದರೆ, ಇಲ್ಲವೇ ಮೂರು ಓಟದಲ್ಲಿ ಆಗದಿದ್ದರೆ, ಯುವರಾಜ ಸಾಯುವ ತನಕ ಮೊಲ. ಕರಿಬಯಲಿನ ನಾಯಿಗಳ ಪದ್ಧತಿ ಗೊತ್ತಿದ್ದರಿಂದ ಧೂಮಕ ನೆಮ್ಮದಿಯಾಗಿದ್ದ.

ಯಾವ ಮೊಲ ಯುವರಾಜನೋ ತಿಳಿಯದು. ಎಲ್ಲ ಮೊಲಗಳಿಗೂ ಯುವರಾಜನ ಮರ್ಯಾದೆ ಕೊಡಬೇಕೆಂದು ಡಂಗುರ ಹೊಡೆಸಿದರು. ಮೊಲಗಳು ಕಡಲೆ ಹೊಲಕ್ಕೆ ನುಗ್ಗಿದರೆ ರೈತರು ಕೈಮುಗಿದು, ಯುವರಾಜರು ದಯಮಾಡಿ ಪಕ್ಕದವನ ಹೊಲಕ್ಕೆ ಚಿತ್ತೈಸಬೇಕೆಂದು ಬೇಡಿಕೊಂಡರು. ಕೊನೆಗೆ ರಾಜ, ನಾಯಿಗಳು ಮಗನನ್ನೇ ಕೊಂದಾವೆಂದು ಹೆದರಿ, ಅಮಾವಾಸ್ಯೆಯೊಳಗೆ ನಾಯಿಗಳನ್ನೆಲ್ಲ ಗಡಿಯಾಚೆ ಅಟ್ಟಲು ಅಪ್ಪಣೆ ಮಾಡಿದ.

ಲಗಮಿ ಹೂವಿಯನ್ನು ಕರೆದುಕೊಂಡು ಅರಮನೆಗೆ ಬಂದಳು.

“ಮಹಾರಾಜರ, ಇದು ಮೊಲಾ ಹಿಡೀತೈತಿ. ಕಡಿಯಂಗಿಲ್ಲ.”

“ಆ ಹೇಡಿ ನಾಯಿಯೇ?”

“ಹೌದ್ರಿ. ಈಗ ಹೇಡಿನ ಬೇಕಾಗೇತಿ. ಹಿಡಿದು ತಂದರ ನಮ್ಮ ನಾಯಿಗಳು ಇಲ್ಲೇ ಇರಲಿ. ಆಗಲಿಲ್ಲಂದ್ರ ಅವುಗಳ ಜೋಡಿ ನಾನೂ ಗಡಿ ದಾಟತೀನಿ.”

ರಾಜ ಒಪ್ಪಿದ. ಧೂಮಕ ಚಾಪೆ, ಚುರುಮುರಿ ತಂದುಕೊಂಡು ಬಯಲಲ್ಲಿ ಕೂತ.

ಮೊದಲನೇ ಓಟ. ಮೊಲವೊಂದು ಎದ್ದಿತು, ಲಗಮಿ ಹೂವಿಯನ್ನು ಬಿಟ್ಟಳು. ಧೂಮಕ ಚಿಟಿಕೆ ಹೊಡೆದ. ಒಂದು ಮೊಲ ಹತ್ತಾರು ಮೊಲವಾಯಿತು. ಹೂವಿಯ ಕಣ್ಣು ಮೊದಲು ನೆಟ್ಟ ಮೊಲದಿಂದ ಕದಲಲಿಲ್ಲ. ಅದನ್ನೇ ಹಿಡಿದು ಮಡಿಲಿಗೆ ತಂದಿತು. ಲಗಮಿ “ಯುವರಾಜರ” ಎಂದು ಕರೆದಳು. ಮೊಲ ಅವಳ ಹೆಬ್ಬೆರಳು ಕಚ್ಚಿತು. ಬರೀ ಮೊಲ.

ಎರಡನೇ ಓಟ. ಧೂಮಕ ಚಿಟಿಕೆ ಹೊಡೆದ. ಬಯಲೆಲ್ಲ ಕೆರೆಯಾಗಿ ತೆರೆ ಎದ್ದಿತು. ಕೆರೆಯೆಂಬುದನ್ನೇ ನೋಡಿರದ ಹೂವಿ ಅದರ ಮೇಲೆಯೇ ಓಡಿತು. ಹಿಡಿದು ತಂದಿತು. ಅದೂ ಬರೀ ಮೊಲ.

“ಇನ್ನೊಂದೇ ಉಳಿದಿದೆ” ಎಂದ ಧೂಮಕ, ಚುರುಮುರಿ ಮುಕ್ಕುತ್ತ.

ಲಗಮಿ ಹೂವಿಯ ಕಿವಿ ಸವರುತ್ತ ಕೂತಳು. ನಾಯಿಯ ತಪ್ಪಿಲ್ಲ, ಬೇರೆ ಮೊಲ ತೋರಿಸಿದ್ದು ತಾನು. ಯುವರಾಜ ಮೊಲವಾಗಿರಬಹುದು, ಆದರೆ ಅವನ ಚಟ ಎಲ್ಲಿಗೆ ಹೋದೀತು? ಅವಳು ಎದ್ದು ಕುದುರೆಯೊಂದಕ್ಕೆ ಹಗ್ಗದಿಂದ ಕುರಿ ತೊಗಲು ಕಟ್ಟಿ ಓಡಿಸಲು ಹೇಳಿದಳು. ಅದರ ಹಿಂದೆ ಎರಡು ನಾಯಿಗಳನ್ನು, ಕಚ್ಚದಂತೆ ಬಾಯಿಗೆ ಕುಕ್ಕೆ ಕಟ್ಟಿ, ಬಿಟ್ಟಳು.

ಇದೇ ಮೂರನೇ ಓಟವೆಂದು ಧೂಮಕ ತಕರಾರು ಮಾಡಿದ.

“ಮೊಲದ ಹಿಂದ ಓಡಿದರ ಓಟ, ಸ್ವಾಮಿ. ಅದು ತೊಗಲು” ಎಂದಳು ಲಗಮಿ.

ನಾಯಿಗಳು ಧೂಳೆಬ್ಬಿಸಿದವು. ಬಯಲಿನ ಮೊಲಗಳೆಲ್ಲ ಜೀವ ಹಿಡಿದುಕೊಂಡು ಓಡಿದವು. ಒಂದು ಮೊಲ ಮಾತ್ರ ಕಡಲೆ ಗಿಡ ಬಾಯಲ್ಲಿಟ್ಟುಕೊಂಡೇ ಹಿಂಗಾಲ ಮೇಲೆ ಎದ್ದು ನಿಂತಿತು. ನಾಯಿಗಳು ಅತ್ತ ಹೋದರೆ ಕತ್ತು ಅತ್ತ, ಇತ್ತ ಬಂದರೆ ಕತ್ತು ಇತ್ತ.

ಲಗಮಿ ಹೂವಿಯ ಮೂತಿಯನ್ನು ಆ ಕಡೆ ತಿರುಗಿಸಿ, ಕಣ್ಣು ನೆಟ್ಟಿತೆಂದು ಖಾತ್ರಿಯಾದ ಮೇಲೆ ಬಿಟ್ಟಳು.

ಧೂಮಕ ಎದ್ದು ನಿಂತು ಚಿಟಿಕೆ ಹೊಡೆದ. ಹೂವಿಯ ಹಲ್ಲುಗಳೆಲ್ಲ ಚೂರಿಗಳಾದವು. ಹೂವಿ ಓಡಿತು, ಬಾಗಿತು, ಹಿಡಿಯಿತು. ತಿರುಗಿ ಬರುವಾಗ ಮೊಲದ ಬಿಳಿ ಹೊಟ್ಟೆಯ ಮೇಲೆ ರಕ್ತ ಇಳಿಯುತ್ತಿತ್ತು. ರಾಜ ಮುಖ ಮುಚ್ಚಿಕೊಂಡ. ಲಗಮಿ ಮೊಲವನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದಳು, ಕೂದಲು ಸರಿಸಿ ಸರಿಸಿ ನೋಡಿದಳು. ಎಲ್ಲೂ ಗೀರಿಲ್ಲ. ಆಮೇಲೆ ಹೂವಿಯ ಕಡೆ ನೋಡಿದಳು. ಹಲ್ಲು ತಾಕದಿರಲೆಂದು ತುಟಿಗಳನ್ನು ಒಳಗೆ ಮಡಚಿ, ಮರಿಯನ್ನು ಹೊರುವಂತೆ ಹೊತ್ತು ತಂದಿತ್ತು. ಸೀಳಿದ್ದು ಅದರದೇ ತುಟಿ.

ಮೊಲ ಭಾರವಾಯಿತು, ಇನ್ನೂ ಭಾರವಾಯಿತು. ತಡೆಯಲಾರದೆ ಲಗಮಿ ಯುವರಾಜನನ್ನು ನೆಲಕ್ಕೆ ಬಿಟ್ಟಳು. ಅವನು ಧೂಳು ಕೊಡವಿಕೊಂಡು ಎದ್ದು, ಬಾಯಿಯಲ್ಲಿದ್ದ ಕಡಲೆ ನುಂಗಿ, “ಆ ಕಂದು ನಾಯಿ ತಿರುವಿನಲ್ಲಿ ಅಗಲವಾಗಿ ಸುತ್ತಿತು” ಎಂದ. ತನ್ನ ಮಗನೇ ಎಂದು ರಾಜನಿಗೆ ಖಾತ್ರಿಯಾಯಿತು.

ಧೂಮಕನ ಚಾಪೆಯ ಮೇಲೆ ಉದ್ದ ಕಿವಿಯ ಮುದಿ ಮೊಲವೊಂದು ಕೂತಿತ್ತು. ಅದನ್ನು ನೋಡಿ ರಾಜ ನಾಯಿಗಳನ್ನು ಬಿಡಲು ಹೇಳಿದ. ಹೂವಿಯ ಚೂರಿಗಳು ಆಗಲೇ ಹಲ್ಲಾಗಿದ್ದವು. ಲಗಮಿ ಅದರ ತುಟಿಗೆ ಅರಿಶಿನ ಹಚ್ಚುತ್ತ, ಮೊಲ ಮೊದಲು ಓಡಬೇಕು, ನಾಯಿ ಆಮೇಲೆ ಎಂಬ ಪದ್ಧತಿ ನೆನಪಿಸಿದಳು. ಮೊಲ ಓಡಿತು. ನಾಯಿಗಳನ್ನು ಆಮೇಲೆ ಬಿಡೋಣವೆಂದು ಎಲ್ಲರೂ ಊಟಕ್ಕೆ ಹೋದರು.

ನಾಯಿಗಳು ಊರಲ್ಲೇ ಉಳಿದವು, ಕಡಲೆ ಹೊಲದಲ್ಲಿ ಉಳಿಯಿತು. ಹೂವಿಗೆ ಅರಮನೆಯಲ್ಲಿ ಹಾಸಿಗೆ ಹಾಕಿಸಿದರು. ಅದು ಲಗಮಿಯ ಕಂಬಳಿಯ ಮೇಲೆಯೇ ಮಲಗಿತು. ಎಲ್ಲರೂ ಸುಖವಾಗಿದ್ದರು. ಧೂಮಕನೊಬ್ಬ ಇಂದಿಗೂ ಆ ಬಯಲಲ್ಲಿ ಓಡುತ್ತಲೇ ಇದ್ದಾನೆ. ಹಿಂದೆ ಯಾವ ನಾಯಿಯೂ ಬರುತ್ತಿಲ್ಲವೆಂದು ಅವನಿಗೆ ಯಾರೂ ಹೇಳಿಲ್ಲ.