ತೇಯ್ದ ಪಿನ್ನು

“ನೆರಿಡಾ, ಕೈ ತೆಗಿ.”

ಆ ದನಿ ಕೇಳಿದ್ದೇ ತಡ, ಅವಳ ಕೈ ಪ್ಲಗ್ಗಿನಿಂದ ಗೇಣು ದೂರದಲ್ಲೇ ನಿಂತುಬಿಟ್ಟಿತು.

ಡಾವೊರ್!

ಆರು ವರ್ಷ ಈ ದನಿ ಕನಸಿನಲ್ಲೂ ಬರಬಾರದು ಎಂದು ಹಲ್ಲು ಕಚ್ಚಿ ಬದುಕಿದವಳು ಅವಳು. ಈಗ ನೋಡಿದರೆ ಅದು ಬೆನ್ನ ಹಿಂದೆಯೇ ಬಂದು ನಿಂತಿದೆ.

“ಕೈ ಒದ್ದೆಯಾಗಿದೆ. ಪ್ಲಗ್ಗು ಹೊಗೆಯಾಡ್ತಿದೆ. ಹಿಂದೆ ಬಾ ಅಂದೆ,” ಎಂದ ಅವನು. ಅವಳು ಹಿಂದೆ ಬಂದಳು. ಅವನ ಮಾತು ಕೇಳಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಪೋರ್ಟ್ ಲಿಂಕನ್ ಎಂಬ ಕಡಲತೀರದ ಊರಿನ ಜೆಟ್ಟಿಯ ಬುಡದಲ್ಲಿ ನೆರಿಡಾಳ ಯಂತ್ರವಿದೆ. ಕಾರ್ಡ್ ತೋರಿಸಿದರೆ ಗಾಳಕ್ಕೆ ಹಾಕುವ ಎರೆಮೀನಿನ ಪೊಟ್ಟಣ ಬೀಳುತ್ತದೆ, ಕಲ್ಲಿನಂತೆ ಹೆಪ್ಪುಗಟ್ಟಿದ್ದು. ಅವತ್ತು ಗುಡ್ ಫ್ರೈಡೆ. ಊರಿನ ಅಂಗಡಿಗಳೆಲ್ಲ ಮುಚ್ಚಿ, ಗಂಡಸರು ಹೆಂಗಸರೆನ್ನದೆ ಎಲ್ಲರೂ ಗಾಳ ಹೆಗಲಿಗೇರಿಸಿ ಬರುವ ದಿನ. ಅದೇ ದಿನ ಯಂತ್ರ ಕೈಕೊಡಬೇಕೆ! ಯಾವ ಎಲೆಕ್ಟ್ರಿಷಿಯನ್ನೂ ಫೋನು ಎತ್ತಲಿಲ್ಲ. ಸಾಲಿನಲ್ಲಿದ್ದ ದೋಣಿಯವನೊಬ್ಬ, ಯಾರನ್ನೋ ಕರೆಸ್ತೀನಿ ಇರು ಎಂದಿದ್ದ. ಯಾರನ್ನು ಎಂದು ಹೇಳಿರಲಿಲ್ಲ.

ಊರು ಬಿಟ್ಟು ಹೋಗಿದ್ದ ಡಾವೊರ್, ತಾಯಿಗೆ ಹುಷಾರಿಲ್ಲವೆಂದು ಈ ಬೇಸಿಗೆಯಲ್ಲಷ್ಟೇ ಮರಳಿದ್ದ. ಬಂದ ಸುದ್ದಿ ಅವಳಿಗೆ ಗೊತ್ತಿತ್ತು. ಅವನ ವ್ಯಾನು ಕಂಡರೆ ಸಾಕು, ಬೇರೆ ಬೀದಿ ಹಿಡಿಯುತ್ತಿದ್ದಳು.

ಒಂದು ಕಾಲಕ್ಕೆ ಇವರಿಬ್ಬರ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮುಂಚೆ ಅವಳಪ್ಪ ಮರ್ವಿನ್‌ನ ಎರೆಮೀನಿನ ಶೆಡ್ಡಿಗೆ ಹೊಸ ವೈರಿಂಗ್ ಮಾಡಿಕೊಟ್ಟವನು ಡಾವೊರ್. ವಾರ ಕಳೆಯುವುದರೊಳಗೆ ಶೆಡ್ಡು ಹೊತ್ತಿ ಉರಿದು ಬೂದಿಯಾಯಿತು. “ಆ ಹುಡುಗನ ಕೈಗುಣ,” ಎಂದ ಮರ್ವಿನ್. ಅಷ್ಟೇ ಸಾಕಾಯಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಡಾವೊರ್‌ಗೆ ಕೆಲಸ ಕೊಡುವವರಿಲ್ಲದಂತಾಯಿತು. ನೆರಿಡಾ ಉಂಗುರ ಬಿಚ್ಚಿ ಅವನ ಅಂಗೈಗಿಟ್ಟು ಬಾಗಿಲು ಹಾಕಿಕೊಂಡಳು.

ಈಗ ಅದೇ ಡಾವೊರ್ ಮೊದಲು ಗೋಡೆಯ ಪೆಟ್ಟಿಗೆ ತೆಗೆದು ಮೇನ್ ಸ್ವಿಚ್ ಆರಿಸಿದ. ಯಾರೂ ಮುಟ್ಟದಿರಲೆಂದು ಅದಕ್ಕೆ ತನ್ನ ಹೆಸರಿದ್ದ ಕೆಂಪು ಚೀಟಿ ನೇತುಹಾಕಿದ. ಮೀಟರ್ ಇಟ್ಟು ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪ್ಲಗ್ಗು ಕಿತ್ತ. ಅದರ ಮೈ ಕರಗಿ ಕಂದಾಗಿತ್ತು. ತಿರುಗಿಸಿ ನೋಡಿದವನ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

“ಈ ಪಿನ್ನು ತೇಯ್ದಿದ್ದು ಯಾರು?”

“ನಾನೇ. ಏನೀಗ?”

ಅದರಲ್ಲೇನು ಮಹಾ ಎಂದೇ ಅವಳು ಹೇಳಿದ್ದು. ಹೆಚ್ಚು ಕರೆಂಟು ಎಳೆಯುವ ಯಂತ್ರದ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಅಗಲ. ಮಾಮೂಲಿ ಸಾಕೆಟ್ಟಿನೊಳಗೆ ಅದು ಹೋಗುವುದಿಲ್ಲ, ಹೋಗಬಾರದೆಂದೇ ಹಾಗೆ ಮಾಡಿರುವುದು. ಆದರೆ ಜೆಟ್ಟಿಯ ಜನ ಕೇಳಬೇಕಲ್ಲ! ಅರ ತೆಗೆದುಕೊಂಡು ಪಿನ್ನನ್ನೇ ಉಜ್ಜಿ ಸಣ್ಣ ಮಾಡಿ ತುರುಕುತ್ತಾರೆ. ಆಮೇಲೆ ಸಾಕೆಟ್ಟು ತಾಳಲಾರದ ಭಾರ ಎಳೆದೂ ಎಳೆದೂ ಒಳಗೊಳಗೇ ಕಾದು ಸುಡುತ್ತದೆ.

“ಯಾರು ಕಲಿಸಿದ್ರು ನಿಂಗೆ?” ಅವನ ದನಿ ತಗ್ಗಿತ್ತು.

“ಅಪ್ಪ. ಚಪ್ಪಲಿ ಹಿಡಿಸ್ದಿದ್ರೆ ಕಾಲೇ ತೇಯ್ಬೇಕು ಅಂತಿದ್ರು. ಶೆಡ್ಡಿನ ದೊಡ್ಡ ಫ್ರೀಜರಿಗೂ ಅವರೇ...”

ಅವಳ ಕಣ್ಣು ಅವನ ಕೈಯಲ್ಲಿದ್ದ ಕರಗಿದ ಪ್ಲಗ್ಗಿಗೆ ಹೋಯಿತು.

ಶೆಡ್ಡಿನ ಫ್ರೀಜರಿಗೂ!

ಅವಳು ಅವನ ಮುಖ ನೋಡಿದಳು. ಅವನು ನೋಡಲಿಲ್ಲ. ಸುಟ್ಟ ಪ್ಲಗ್ಗು ಕತ್ತರಿಸಿ ಎಸೆದ, ಬೆಂದಿರದ ಕಡೆಯವರೆಗೂ ತಂತಿ ಕತ್ತರಿಸಿದ.

“ನಿಂಗೆ ಗೊತ್ತಿತ್ತು... ಅಲ್ವಾ?”

“ಮಾರನೇ ದಿನ ಬೂದಿಯಲ್ಲಿ ಆ ಪ್ಲಗ್ಗು ಸಿಕ್ಕಿತು. ಪ್ಲಾಸ್ಟಿಕ್ಕೆಲ್ಲ ಸುಟ್ಟುಹೋಗಿತ್ತು, ಪಿನ್ನು ಉಳಿದಿತ್ತು.”

“ಮತ್ತೆ ಹೇಳ್ಲಿಲ್ಲ ಯಾಕೆ?”

“ಹೇಳಿದ್ರೆ ನಂಬ್ತಿದ್ದೆಯಾ?”

ಸುಳ್ಳು ಹೇಳಬಹುದಿತ್ತು. “ಇಲ್ಲ,” ಎಂದಳು.

“ನಾನೇನು ದೊಡ್ಡ ಮನಸ್ಸು ಮಾಡಿ ಸುಮ್ನಿದ್ದೆ ಅಂದ್ಕೋಬೇಡ. ಉರೀತಿತ್ತು ಹೊಟ್ಟೆ. ನೀನು ಒಂದೇ ಒಂದು ಸಲ ‘ಏನಾಯ್ತು ಡಾವೊರ್’ ಅಂತ ಕೇಳ್ತೀಯ ಅಂತ ಕಾದೆ. ಊರೆಲ್ಲ ಬೈದು ಹೋಯ್ತು. ನೀನು ಕೇಳ್ಲೇ ಇಲ್ಲ.”

ಕಂದು ತಂತಿ, ನೀಲಿ ತಂತಿ ಹೊಸ ಪ್ಲಗ್ಗಿನಲ್ಲಿ ಅದರದರ ಜಾಗಕ್ಕೆ ಹೋದವು. ಹಸಿರು-ಹಳದಿಯ ಅರ್ಥ್ ತಂತಿಯನ್ನು ಮಾತ್ರ ತುಸು ಉದ್ದ ಬಿಟ್ಟ. ವೈರು ಯಾರಾದರೂ ಎಡವಿ ಎಳೆದರೂ ಕೊನೆಗೆ ಬಿಡುವುದು ಅದೇ ಆಗಿರಬೇಕು ಎಂದು ಯಾರಿಗೋ ಹೇಳುವಂತೆ ಹೇಳಿದ. ನೆರಿಡಾಳ ಕಣ್ಣು ತುಂಬಿ ತಂತಿಗಳೆಲ್ಲ ಒಂದೇ ಬಣ್ಣವಾದವು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಅವಳು ಕಂಡೂ ಇರಲಿಲ್ಲ, ಕೇಳಿದ್ದೇ ಸಾಕೆಂದುಕೊಂಡಿದ್ದಳು.

ಅಷ್ಟರಲ್ಲಿ ಬಂದಳು ನೆರಿಡಾಳ ತಾಯಿ ಬೆರಿಲ್, ಕೈಯಲ್ಲಿ ಹಬ್ಬದ ಬನ್ನಿನ ಬುಟ್ಟಿ. ಡಾವೊರ್‌ನನ್ನು ಕಂಡದ್ದೇ ಮುಖ ಗಂಟಿಕ್ಕಿದಳು.

“ಇದನ್ನೂ ಸುಟ್ಟು ಹೋಗೋಕೆ ಬಂದ್ಯಾ? ಒಂದು ಸಲಕ್ಕೆ ಹೊಟ್ಟೆ ತುಂಬಲಿಲ್ವಾ?”

ಅವನು ಪ್ಲಗ್ಗಿನ ಸ್ಕ್ರೂ ಬಿಗಿಯುತ್ತಲೇ ಇದ್ದ. ಈ ಮಾತು ಅವನಿಗೆ ಹೊಸದಲ್ಲ.

ನೆರಿಡಾ ಇಬ್ಬರ ನಡುವೆ ಬಂದು ನಿಂತಳು. ಬಾಯಿಬಿಟ್ಟರೆ ಅಪ್ಪನ ಹೆಸರು ಹೋಗುತ್ತದೆ. ಎರಡು ವರ್ಷದ ಹಿಂದೆ ಇಡೀ ಊರು ಟೋಪಿ ತೆಗೆದು ಮಣ್ಣು ಮಾಡಿದ ಅಪ್ಪ! ಬಾಯಿ ಮುಚ್ಚಿದರೆ ಇವನು ಸಾಯುವ ತನಕ ಬೆಂಕಿ ಹಚ್ಚಿದವನೇ.

“ಅಮ್ಮ, ಶೆಡ್ಡು ಸುಟ್ಟಿದ್ದು ಅಪ್ಪ ತೇಯ್ದ ಪ್ಲಗ್ಗಿನಿಂದ. ಇವನಿಂದಲ್ಲ.”

ಬೆರಿಲ್ ಬೆಚ್ಚಿಬೀಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ. ಮುದುಕಿ ಬುಟ್ಟಿಯ ಬಟ್ಟೆ ಸರಿಮಾಡಿದಳು.

“ಗೊತ್ತು. ಸಾಯೋ ಮುಂಚೆ ನಿಮ್ಮಪ್ಪನೇ ಹೇಳಿ ಅತ್ತರು. ಸತ್ತವರ ಹೆಸರು ಯಾಕೆ ಕೆಡಿಸೋದು ಅಂತ ಸುಮ್ನಾದೆ.”

“ಬದುಕಿರೋನ ಹೆಸರು ಕೆಟ್ರೆ ಪರವಾಗಿಲ್ವಾ, ಅಮ್ಮ?”

ಬೆರಿಲ್‌ ಬುಟ್ಟಿಯನ್ನು ಅಲ್ಲೇ ಬೆಂಚಿನ ಮೇಲಿಟ್ಟು ಹೊರಟುಹೋದಳು.

ನೆರಿಡಾ ಸಾಲಿನ ಕಡೆ ತಿರುಗಿದಳು. ಅಪ್ಪನ ಜೊತೆ ಬಿಯರು ಕುಡಿದವರು, ಡಾವೊರ್ ಎದುರಾದರೆ ಮುಖ ತಿರುಗಿಸಿದವರು, ಎಲ್ಲ ಅಲ್ಲೇ ಇದ್ದರು. ಅಪ್ಪ ಮಾಡಿದ್ದು, ತಾನು ಅದನ್ನೇ ಮಾಡಿದ್ದು, ಬೇರೊಬ್ಬನ ಬಾಳು ಹಾಳಾಗಿದ್ದು... ಒಂದನ್ನೂ ಮುಚ್ಚಿಡದೆ ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳುವಾಗ ದನಿ ಒಡೆಯಿತು, ನಿಲ್ಲಿಸಲಿಲ್ಲ.

ಒಂದಿಬ್ಬರು ಟೋಪಿ ಕೆಳಗೆಳೆದುಕೊಂಡರು. ಒಬ್ಬ ಕೆಮ್ಮಿದ. ಡಾವೊರ್ ಅಗಲ ಪಿನ್ನಿಗೆ ತಕ್ಕ ಸಾಕೆಟ್ಟನ್ನೇ ಕೂರಿಸಿ, ಪೆಟ್ಟಿಗೆಯಿಂದ ಬರುವ ವೈರು ಅದಕ್ಕೆ ಸಾಕಷ್ಟು ದಪ್ಪವಿದೆಯೆಂದು ನೋಡಿ, ಮೀಟರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಕೆಂಪು ಚೀಟಿ ತೆಗೆದು ಸ್ವಿಚ್ ಹಾಕಿದ. ಯಂತ್ರ ಗುಂಯ್ ಎಂದಿತು. ಜನ ತಂತಮ್ಮ ಪೊಟ್ಟಣ ತೆಗೆದುಕೊಂಡು ನಡೆದರು. ಕಳಂಕ ಹಚ್ಚಲು ಅಷ್ಟು ಆತುರಪಟ್ಟ ಊರಿಗೆ ಒರೆಸುವುದಕ್ಕೆ ಪುರುಸೊತ್ತಿರಲಿಲ್ಲ. ದೋಣಿಯವನೊಬ್ಬ ಮಾತ್ರ ಡಾವೊರ್‌ನ ಭುಜ ಮುಟ್ಟಿ ಹೋದ.

ಇಬ್ಬರೇ ಉಳಿದರು. ಡಾವೊರ್ ಬೆಂಚಿನ ತುದಿಗೆ ಕೂತ. ಅವನ ಕಿವಿಯ ಬಳಿ ನರೆ ಬಂದಿತ್ತು. ಯಾವಾಗ ಬಂತೋ, ನೋಡಲು ನೆರಿಡಾ ಇರಲಿಲ್ಲ.

“ಈ ಮಾತಿಗೇ ಆರು ವರ್ಷ ಕಾದೆ,” ಎಂದ ಅವನು. “ಖುಷಿ ಆಗ್ಬೇಕಿತ್ತು. ಆಗ್ತಿಲ್ಲ.”

“ನನ್ ಮೇಲೆ ಕೋಪ ಇದ್ಯಾ?”

“ಇದೆ.”

“ಇರ್ಲಿ. ಕೋಪ ಇಟ್ಕೊಂಡೇ ನಾಳೆ ಬಾ... ಕೇಳದೆ ಬಿಟ್ಟಿದ್ದನ್ನೆಲ್ಲ ಕೇಳ್ಬೇಕು ನಾನು.”

“ಒಂದು ದಿನಕ್ಕೆ ಮುಗಿಯೋದಲ್ಲ ಅದು.”

“ನಾಡಿದ್ದೂ ಬಾ. ನಿನ್ನನ್ನ ಬಿಟ್ಟು ಇನ್ನೊಬ್ಬರ ಮುಖ ನೋಡೋಕಾಗ್ಲಿಲ್ಲ ಡಾವೊರ್ ನಂಗೆ. ಬೈಕೊಂಡೇ ಪ್ರೀತಿಸ್ತಾ ಇದ್ದೆ.”

ಅವನು ಬನ್ನಿನ ಬುಟ್ಟಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

“ಈಗ್ಲೇ ಕೇಳು,” ಎಂದ.

ಅವಳು ಕೂತಳು. ಮೊದಲು ಯಾವುದು ಕೇಳುವುದು? ಬಾಯಿಗೆ ಬಂದದ್ದು ಒಂದೇ.

“ಅವತ್ತು ನಾನು ಉಂಗುರ ಕೊಟ್ಟು ಬಾಗಿಲು ಹಾಕಿದ್ನಲ್ಲ... ಎಲ್ಲಿಗೆ ಹೋದೆ?”

“ಎಲ್ಲಿಗೂ ಇಲ್ಲ. ನಿಮ್ಮನೆ ಎದುರಿಗೇ, ವ್ಯಾನಿನಲ್ಲಿ. ನಿನ್ನ ರೂಮಿನ ದೀಪ ಆರಿದ್ಮೇಲೆ ಹೋಗೋಣ ಅಂತ.”

“ದೀಪ ಆರಿಸಲೇ ಇಲ್ಲ ನಾನು.”

“ಗೊತ್ತು,” ಎಂದ ಡಾವೊರ್, ಅವಳ ಕೈ ತನ್ನ ಕೈಯೊಳಗೆ ತೆಗೆದುಕೊಂಡು. “ಬೆಳಗಾಗೋ ತನಕ ಅಲ್ಲೇ ಇದ್ದೆ.”