ಕಂಬಿಯ ಮೇಲಿನ ಮಫ್ಲರ್

“ಅಯ್ಯೋ ಪಾಪ! ಯಾರೋ ಮಫ್ಲರ್ ಮರೆತು ಹೋಗಿದ್ದಾರೆ ಅಜ್ಜಾ!”

ವ್ರೋನಿ ಕೂಗಿದ್ದು ಅಜ್ಜನಿಗೆ ಕೇಳಿಸಲಿಲ್ಲ. ಅವನಿನ್ನೂ ಎರಡು ಮಹಡಿ ಕೆಳಗೆ ಮೆಟ್ಟಿಲಿನ ಮೇಲೆ ಏದುಸಿರು ಬಿಡುತ್ತಿದ್ದ. ವಿಯೆನ್ನಾದ ಒಪೆರಾ ಮಂದಿರದ ತುತ್ತತುದಿಯ ಗ್ಯಾಲರಿಯಲ್ಲಿ ಆಗ ವ್ರೋನಿ ಒಬ್ಬಳೇ. ಅಲ್ಲಿ ಕುರ್ಚಿಗಳಿಲ್ಲ, ನಿಂತೇ ನೋಡಬೇಕು. ಒರಗಿಕೊಳ್ಳಲು ಉದ್ದನೆಯ ಹಿತ್ತಾಳೆ ಕಂಬಿಯೊಂದಿದೆ. ಅದರ ನಟ್ಟನಡುವೆ ಹಸಿರು ಉಣ್ಣೆಯ ಮಫ್ಲರ್ ನೇತಾಡುತ್ತಿತ್ತು.

ವ್ರೋನಿ ಒಳ್ಳೆಯ ಹುಡುಗಿ. ಒಳ್ಳೆಯ ಕೆಲಸ ಮಾಡುವ ಅವಸರದಲ್ಲಿ ಯೋಚನೆ ಮಾಡುವುದನ್ನು ಮಾತ್ರ ಮರೆಯುತ್ತಾಳೆ, ಅಷ್ಟೆ. ಮಫ್ಲರ್ ಬಿಚ್ಚಿಕೊಂಡು, ದಡದಡ ಒಂದೇ ಮಹಡಿ ಇಳಿದು, ಕೋಟು ಇಡುವ ಕೌಂಟರಿನ ಆಂಟಿಗೆ ಕೊಟ್ಟಳು. ಆಂಟಿಗೆ ಕೈತುಂಬ ಕೆಲಸ. “ಸರಿ ಮರೀ” ಎಂದು ಅದನ್ನು ಬುಟ್ಟಿಗೆ ಹಾಕಿದಳು.

ವಾಪಸ್ ಬಂದು ಕಂಬಿಯ ನಡುವೆ ನಿಂತರೆ, ಆಹಾ! ಕೆಳಗೆ ವಾದ್ಯದವರು ಕೂರುವ ಜಾಗ ಪೂರ್ತಿ ಕಾಣುತ್ತಿತ್ತು.

ಕ್ರೆಮ್ಸ್ ಊರಿನ ಸಂಗೀತ ಶಾಲೆಯಲ್ಲಿ ಫ್ರೆಂಚ್ ಹಾರ್ನ್ ಎಂಬ ಹಿತ್ತಾಳೆ ಕಹಳೆ ಕಲಿಯುವವಳು ವ್ರೋನಿ ಒಬ್ಬಳೇ. ಪಿಟೀಲಿನವರು ಹತ್ತು ಜನ, ಕೊಳಲಿನವರು ಎಂಟು ಜನ. “ನಿನ್ನ ಹಾರ್ನ್ ಹಸು ಕೂಗಿದ ಹಾಗಿದೆ ಕಣೇ” ಎಂದು ಅವರೆಲ್ಲ ರೇಗಿಸುತ್ತಾರೆ. ಇವತ್ತಿನ ಒಪೆರಾದಲ್ಲಿ ಬೇಟೆಯ ದೃಶ್ಯವಿದೆ, ನಾಲ್ಕು ಹಾರ್ನ್ ಒಟ್ಟಿಗೆ ಮೊಳಗುತ್ತವೆ. ನಾಲ್ಕು! ಅದನ್ನು ಕಣ್ಣಾರೆ ನೋಡಬೇಕೆಂದೇ ಅವಳು ಬೆಳಿಗ್ಗೆ ಎದ್ದು ಅಜ್ಜನನ್ನು ರೈಲು ಹತ್ತಿಸಿದ್ದಳು.

ಅಷ್ಟರಲ್ಲಿ ಅಜ್ಜನೂ ಬಂದ. ಹಿಂದೆಯೇ ಜನರೂ ಬಂದರು. ಆದರೆ ಇದೇನು? ಬಂದವರೆಲ್ಲ ಮಫ್ಲರ್ ತೆಗೆದು ಕಂಬಿಗೆ ಕಟ್ಟುತ್ತಾರೆ, ಹೊರಗೆ ಹೋಗುತ್ತಾರೆ! ಕೆಂಪು, ನೀಲಿ, ಚೌಕಳಿ.

“ಏನು ಪುಟ್ಟೀ, ಕಾವಲು ಕಾಯ್ತಿದೀಯಾ?” ಎಂದ ಪಕ್ಕದ ಕನ್ನಡಕದ ಯುವಕ. “ಮಫ್ಲರ್ ಕಟ್ಟಿ ಹೋಗು, ಏನಾದ್ರೂ ತಿನ್ಕೊಂಡು ಬಾ. ಕಟ್ಟಿದ ಜಾಗಕ್ಕೆ ಇಲ್ಲಿ ಯಾರೂ ಕೈ ಹಾಕಲ್ಲ.”

ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ! ಹಾಗಾದರೆ ಆ ಹಸಿರು ಮಫ್ಲರ್ ಯಾರೂ ಮರೆತು ಹೋದದ್ದಲ್ಲ! ಈಗಲೇ ಓಡಿಹೋಗಿ ಹಸಿರು ಮಫ್ಲರ್ ತರಬೇಕು. ಆದರೆ ತಂದರೆ ಈ ಜಾಗ ಹೋಯಿತು. ಇನ್ನೊಂದು ನಿಮಿಷ ನಿಲ್ಲೋಣ ಅಂದುಕೊಂಡಳು. ಆ ಒಂದು ನಿಮಿಷ ಹತ್ತು ನಿಮಿಷವಾಯಿತು.

ಗ್ಯಾಲರಿ ತುಂಬಿದ ಮೇಲೆ ಕಂದು ಕೋಟಿನ ಪುಟ್ಟ ಅಜ್ಜಿಯೊಬ್ಬಳು ಬಂದಳು. ವ್ರೋನಿ ನಿಂತ ಜಾಗದ ಹತ್ತಿರ ನಿಂತು ಕಂಬಿಯನ್ನು ಸವರಿ ನೋಡಿದಳು.

“ಇಲ್ಲೇ ಕಟ್ಟಿದ್ದೆನಲ್ಲ...”

“ಎರ್ನಮ್ಮಾ, ಮನೇಲೇ ಬಿಟ್ಟು ಬಂದಿರ್ತೀರಿ!” ಕನ್ನಡಕದವನು ನಕ್ಕ. “ಹೋದ ವಾರ ಟಿಕೆಟ್ಟು ಕೈಯಲ್ಲೇ ಇಟ್ಕೊಂಡು ಚೀಲ ಎಲ್ಲ ಹುಡುಕಲಿಲ್ವಾ?”

ಸುತ್ತಲಿನವರೂ ನಕ್ಕರು. ಅಜ್ಜಿಯೂ ನಕ್ಕಳು. ಕೈ ಮಾತ್ರ ಕಂಬಿಯನ್ನು ಸವರುತ್ತಲೇ ಇತ್ತು.

“ಇರಬಹುದು ಪೋಲ್ಡೀ. ನನ್ ಮಗಳೂ ಅದನ್ನೇ ಹೇಳ್ತಾಳೆ. ಅಮ್ಮಾ ನಿಂಗೆ ಮರೆವು ಜಾಸ್ತಿ ಆಯ್ತು, ಒಬ್ಬಳೇ ಓಡಾಡಬೇಡ ಅಂತ. ನಾನೇ ಒಪ್ಪಿರಲಿಲ್ಲ.” ಅವಳ ದನಿ ಸಣ್ಣದಾಯಿತು. “ಸಾಕು ಬಿಡು. ಇನ್ಮೇಲೆ ಬರಲ್ಲ.”

ವ್ರೋನಿ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜನಿಗೂ ಗೊತ್ತಿಲ್ಲ. ಅದೇ ಹೊತ್ತಿಗೆ ಕೆಳಗೆ ನಾಲ್ವರು ಬಂದು ಕೂತರು. ಒಬ್ಬೊಬ್ಬರ ತೊಡೆಯ ಮೇಲೂ ಹೊಳೆಯುವ ಹಾರ್ನ್! ವ್ರೋನಿ ಅವರನ್ನು ಒಮ್ಮೆ ಕಣ್ತುಂಬ ನೋಡಿದಳು. ಆಮೇಲೆ ತಿರುಗಿದಳು.

“ಅಜ್ಜೀ, ನಿಮಗೆ ಮರೆವಿಲ್ಲ. ನೀವು ಇಲ್ಲೇ ಕಟ್ಟಿದ್ರಿ. ನಾನೇ ಬಿಚ್ಚಿದ್ದು. ಯಾರೋ ಬಿಟ್ಟು ಹೋಗಿದ್ದಾರೆ ಅಂತ ಕೌಂಟರಿಗೆ ಕೊಟ್ಬಿಟ್ಟೆ. ಆಮೇಲೆ ಗೊತ್ತಾಯ್ತು. ಗೊತ್ತಾದ್ರೂ... ಸುಮ್ನಿದ್ದೆ.”

ಈಗ ಬೈಗುಳ ಬೀಳುತ್ತದೆ ಎಂದು ಅವಳು ತಲೆ ತಗ್ಗಿಸಿದಳು. ಎರ್ನಜ್ಜಿ ಅವಳ ಎರಡೂ ಭುಜ ಹಿಡಿದುಕೊಂಡಳು.

“ಇನ್ನೊಂದ್ಸಲ ಹೇಳು.”

“ನೀವು ಇಲ್ಲೇ ಕಟ್ಟಿದ್ರಿ.”

“ಹಸಿರುದು?”

“ಹಸಿರುದೇ.”

“ಕೇಳಿಸ್ತಾ ಪೋಲ್ಡೀ? ಇನ್ನು ನನ್ ತಲೆ ಸುದ್ದಿಗೆ ಬಂದ್ರೆ ಕಿವಿ ಹಿಂಡ್ತೀನಿ!” ಎಂದು ಅಜ್ಜಿ ಜೋರಾಗಿ ನಕ್ಕಳು. ಕಣ್ಣು ಒದ್ದೆಯಾಗಿತ್ತು. ನಕ್ಕು ಮುಗಿಸಿ, “ಹೂಂ, ಈಗ ಆ ಕಡೆ ಸರಿ. ಅದು ನನ್ ಜಾಗ” ಎಂದಳು.

ಇರಲಿ ಮಗೂ, ನೀನೇ ನಿಂತ್ಕೋ ಅನ್ನಬಹುದೇನೋ ಎಂದು ವ್ರೋನಿ ಕಾದಳು. ಅಜ್ಜಿ ಅನ್ನಲಿಲ್ಲ. ರೂಲ್ಸ್ ಅಂದರೆ ರೂಲ್ಸ್. ಪೋಲ್ಡಿ ಮಾತ್ರ ಕಿವಿ ಕೆಂಪಗೆ ಮಾಡಿಕೊಂಡು ಮಫ್ಲರ್ ತರಲು ಕೆಳಗೆ ಓಡಿದ.

ಅಜ್ಜ, ಮೊಮ್ಮಗಳು ಕೊನೆಯ ಸಾಲಿಗೆ ಬಂದರು. ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟ.

“ಏನಾದ್ರೂ ಕಾಣುತ್ತಾ?”

“ಒಂದು ಬೋಳು ತಲೆ.”

“ನೀನೇ ವಾಸಿ. ನಂಗೆ ಎರಡು ಕಾಣುತ್ತೆ.”

ದೀಪಗಳು ಆರಿದವು. ಹಾಡು ಶುರುವಾಯಿತು. ಬೇಟೆಯ ದೃಶ್ಯ ಬಂದಾಗ ತಡೆಯಲಾರದೆ ವ್ರೋನಿ ತುದಿಗಾಲಲ್ಲಿ ನಿಂತಳು. ಇಬ್ಬರ ಭುಜಗಳ ನಡುವೆ ಒಂಚೂರು ಸಂದು ಸಿಕ್ಕಿತು. ಅದರೊಳಗೆ ಹಾರ್ನ್ ಕಾಣಲಿಲ್ಲ, ಎರ್ನಜ್ಜಿ ಕಂಡಳು. ಅವಳ ಬೆರಳು ಕಂಬಿಯ ಮೇಲೆ ತಾಳ ಹಾಕುತ್ತಿತ್ತು. ಇದ್ದಕ್ಕಿದ್ದಂತೆ ಆ ಬೆರಳು ಮೇಲೆದ್ದು ನಿಂತಿತು. ಮರುಕ್ಷಣವೇ ನಾಲ್ಕೂ ಹಾರ್ನ್ ಒಟ್ಟಿಗೆ ಮೊಳಗಿದವು.

ಸ್ವಲ್ಪ ಹೊತ್ತಿಗೆ ಬೆರಳು ಮತ್ತೆ ಎದ್ದಿತು. ಹಾರ್ನ್ ಮತ್ತೆ ಮೊಳಗಿದವು. ಒಂದು ಸಲವೂ ತಪ್ಪಲಿಲ್ಲ.

ವ್ರೋನಿ ಹಿಮ್ಮಡಿ ಊರಿದಳು. ಬೋಳು ತಲೆಯ ಹಿಂದೆ ನಿಂತು, ಕಣ್ಣು ಮುಚ್ಚಿ, ನಾಲ್ಕನ್ನೂ ಕೇಳತೊಡಗಿದಳು.