ಬೀಗ ಮುರಿಯದ ಪೆಟ್ಟಿಗೆ

ಪೆಟ್ಟಿಗೆಯ ಬೀಗ ಹಾಗೆಯೇ ಇತ್ತು. ಒಳಗೆ ಕಾಗದವೂ ಇತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ!

ಫೆಲಿಸ್ಮೀನಾ ಪೆಟ್ಟಿಗೆ ಹೊತ್ತು, ಅವ್ವನ ಜೊತೆ ಸಾನೂಸಿ ಮೇಷ್ಟ್ರ ಮನೆಗೆ ಓಡಿದಳು. ಮೂರು ದಿನದ ಹಿಂದೆ, ಸಾಯುವ ಮುನ್ನ, ಯಜಮಾನ ಕೈಯಾರೆ ಬರೆದುಕೊಟ್ಟ ಆಲ್ಫೊರಿಯಾ, ಬಿಡುಗಡೆಯ ಪತ್ರವದು. ಅವಳು ಇನ್ನು ಗುಲಾಮಳಲ್ಲ ಎನ್ನುವುದಕ್ಕೆ ಇದ್ದ ಒಂದೇ ಆಧಾರ. ಹಬ್ಬದ ರಜೆಯಿಂದಾಗಿ ಅದು ಸರ್ಕಾರಿ ದಫ್ತರದಲ್ಲಿ ದಾಖಲಾಗಿರಲಿಲ್ಲ. ಅಷ್ಟರಲ್ಲೇ ಯಜಮಾನನ ಮಗ ಅವಳನ್ನು ದಕ್ಷಿಣದ ಕಾಫಿ ತೋಟಕ್ಕೆ ಮಾರಿದ್ದ. ಮಧ್ಯಾಹ್ನವೇ ಹಡಗು. ಬಾಹಿಯಾ ಬಂದರಿನಿಂದ ಹಾಗೆ ಹೋದವರು ಯಾರೂ ಮರಳಿರಲಿಲ್ಲ.

"ಆ ಹಾಳಾದವನೇ ಕಾಗದ ಬದಲಾಯಿಸಿದಾನೆ, ಮೇಷ್ಟ್ರೇ!"

ಸಾನೂಸಿ ಮೇಷ್ಟ್ರು ಬೀಗ ರಿಪೇರಿ ಮಾಡಿ ಬದುಕುವವರು. ಕೇರಿಯ ಮುಸ್ಲಿಮರಿಗೆ ಗುಟ್ಟಾಗಿ ಓದು ಕಲಿಸುವವರು. ಬೀಗವನ್ನು ತಿರುವಿ ನೋಡಿದರು.

"ಒಂದು ಗೀರಿಲ್ಲ. ಕೀಲಿಯಿಂದಲೇ ತೆಗೆದಿದ್ದಾರೆ. ಕೀಲಿ ಯಾರತ್ರ ಇತ್ತು?"

"ಅವ್ವನ ಕೊರಳಲ್ಲಿ."

ಮೂಲೆಯಲ್ಲಿದ್ದ ಅವಳವ್ವ ಜಸಿಂತಾ ತಲೆ ಎತ್ತಲಿಲ್ಲ.

"ಬೆಳಿಗ್ಗೆ ಏನು ತಿಂದೆ?" ಮೇಷ್ಟ್ರು ಫೆಲಿಸ್ಮೀನಾಳನ್ನು ಕೇಳಿದರು.

"ಹಡಗು ಬಂದು ನಿಂತಿದೆ, ನಿಮಗೆ ನನ್ನ ತಿಂಡಿ ಚಿಂತೆ! ಅವ್ವ ಕೊಟ್ಟ ಕಷಾಯ ಕುಡಿದೆ, ಅಷ್ಟೇ."

"ಕೆಂಪಗಿತ್ತಾ?"

"ನಿಮಗೆ ಹೇಗೆ—"

"ನಿನ್ನ ತುಟಿ ಹೇಳ್ತಿದೆ."

ಮೇಷ್ಟ್ರು ಕಾಗದವನ್ನು ಬೆಳಕಿಗೆ ಹಿಡಿದರು.

"ಇದು ಅದೇ ಕಾಗದ. ನೆಂದು, ಒಣಗಿ, ಸುಕ್ಕಾಗಿದೆ. ಲೇಖನಿಯ ಗೀರು ಇನ್ನೂ ಕಾಣುತ್ತೆ. ನಿನ್ನ ಯಜಮಾನ ಬರೀತಿದ್ದದ್ದು ಮನೆಯಲ್ಲೇ ಕುದಿಸಿದ ಕೆಂಪು ಮರದ ಶಾಯಿಯಲ್ಲಿ. ತೊಳೆದರೆ ಹೋಗುತ್ತೆ. ನಾವು ಹಲಗೆ ಮೇಲೆ ದೇವರ ವಾಕ್ಯ ಬರೆದು, ತೊಳೆದ ನೀರನ್ನ ರಕ್ಷೆಗೆ ಅಂತ ಕುಡೀತೀವಲ್ಲ? ಹಾಗೇ ಮಾಡಿದ್ರಿ. ಅಲ್ವಾ, ಜಸಿಂತಾ?"

ಮುದುಕಿ ಬಿಕ್ಕಿದಳು. "ಯಜಮಾನರ ಮಗ ಬಂದು ಪತ್ರ ಹರಿದು ಬಿಸಾಕ್ತಾನೆ ಅಂತ ಹೆದರಿಕೆ ಆಯ್ತು. ಹೊಟ್ಟೆ ಒಳಗಿರೋದನ್ನ ಯಾರು ಕಿತ್ಕೊಳ್ತಾರೆ? ಆ ಮಾತು ದೇವರ ಭಾಷೇದು ಅಂತ ನೀವೇ ಹೇಳಿದ್ರಲ್ಲ!"

ಹೌದು, ಹೇಳಿದ್ದರು. ಪತ್ರ ಓದಿ ತಿಳಿಸಿದ ದಿನ, ತುಸು ಜಂಬದಿಂದಲೇ: ಆಲ್ಫೊರಿಯಾ ಪೋರ್ಚುಗೀಸರ ಸ್ವಂತ ಮಾತಲ್ಲ; ಅರಬ್ಬಿಯ ಅಲ್-ಹುರ್ರಿಯಾ, ಸ್ವಾತಂತ್ರ್ಯ, ಅವರ ಬಾಯಲ್ಲಿ ಹೀಗಾಗಿದೆ.

ಫೆಲಿಸ್ಮೀನಾಗೆ ಅವ್ವನ ಮೇಲೆ ಕೆಂಡದಂಥ ಕೋಪ ಬಂತು. ಮರುಗಳಿಗೆ ಅವಳ ಮಡಿಲಲ್ಲೇ ಮುಖವಿಟ್ಟು ಅತ್ತಳು.

ಬಾಗಿಲಲ್ಲಿ ದಡದಡ ಸದ್ದಾಯಿತು. "ಪೊಲೀಸು! ಆ ಗುಲಾಮಳನ್ನ ಹಡಗಿಗೆ ಒಯ್ಯಬೇಕು, ತೆಗೀರಿ!"

ಮೇಷ್ಟ್ರು ಹಿತ್ತಿಲ ಬಾಗಿಲಿನ ಅಗುಳಿ ಸರಿಸಿದರು. "ಅವ್ವನ್ನ ಕರ್ಕೊಂಡು ಓಡು. ಗುಡ್ಡದಾಚೆ ತಪ್ಪಿಸಿಕೊಂಡ ಗುಲಾಮರ ಹಟ್ಟಿ ಇದೆ."

"ನೀವು?"

"ಅವರಿಗೆ ಹಿಡಿಯೋಕೆ ಒಬ್ಬ ಕಳ್ಳ ಬೇಕಲ್ಲ?"

ಅವ್ವನನ್ನು ಎಳೆದುಕೊಂಡು ಹಿತ್ತಿಲು ದಾಟುವಾಗ ಮುಂಬಾಗಿಲು ತೆರೆದದ್ದು ಅವಳಿಗೆ ಕೇಳಿಸಿತು. ಆಮೇಲೆ ಮೇಷ್ಟ್ರ ದನಿ:

"ಪತ್ರ ತೊಳೆದವನೂ ನಾನೇ, ನಸುಕಿನಲ್ಲೇ ಅವಳನ್ನ ಬಿಟ್ಟು ಕಳಿಸಿದವನೂ ನಾನೇ. ಹಿಡ್ಕೊಳ್ಳಿ."